ಅಪ್ಪ-ಅಮ್ಮನಿಗೆ ಹೊಸ ಫೋನು ತರುವ ಮಕ್ಕಳಿಗೊಂದು ಬಹಿರಂಗ ಪತ್ರ

ಪ್ರೀತಿಯ ಮಕ್ಕಳೇ,

ಬೆಂಗಳೂರಿನಿಂದಲೋ ಪುಣೆಯಿಂದಲೋ ಡಲ್ಲಾಸಿನಿಂದಲೋ ಹಬ್ಬಕ್ಕೆಂದು ಊರಿಗೆ ಬರುವಾಗ ನೀವು ಅಪ್ಪ-ಅಮ್ಮನಿಗೆ ಹೊಸ ಫೋನು ತರುತ್ತೀರಿ. ಹಳೆಯದರ ಗಾಜು ಒಡೆದಿರುತ್ತದೆ, ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತಿರುತ್ತದೆ. ಅದನ್ನು ದೂರದಿಂದಲೇ ಗಮನಿಸಿ, ದುಡ್ಡು ಹೊಂದಿಸಿ ತರುವ ನಿಮ್ಮ ಅಕ್ಕರೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನಾನು ಬರೆಯುತ್ತಿರುವುದು ಡಬ್ಬಿ ತೆರೆದ ಮೇಲಿನ ಒಂದು ಗಂಟೆಯ ಬಗ್ಗೆ. ಜಗಲಿಯಲ್ಲಿ ಕೂತು, ನಿಮ್ಮ ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು, ಒಂದರ ಹಿಂದೊಂದು ಆ್ಯಪ್ ಇಳಿಸಿ, "ಬೇಕಾದ್ದೆಲ್ಲ ಹಾಕಿದ್ದೀನಮ್ಮ, ಇನ್ನು ಚಿಂತೆಯಿಲ್ಲ" ಎಂದು ಕೈಗಿಟ್ಟು ರಾತ್ರಿಯ ಬಸ್ಸು ಹತ್ತುತ್ತೀರಿ. ಮರುದಿನ ಬೆಳಿಗ್ಗೆ ಅದೇ ಫೋನು ಹಿಡಿದು ನಿಮ್ಮಮ್ಮ ನಮ್ಮ ಮನೆಗೆ ಬರುತ್ತಾರೆ.

ನಾನು ತಾಲ್ಲೂಕು ಕೇಂದ್ರವೊಂದರ ಬ್ಯಾಂಕಿನಲ್ಲಿ ಕೌಂಟರಿನ ಹಿಂದೆ ಕೂತು ನಿವೃತ್ತನಾದವನು. ಅಂದು ಪಾಸ್‌ಬುಕ್ ಹಿಡಿದು ಬರುತ್ತಿದ್ದವರೇ ಇಂದು ಫೋನು ಹಿಡಿದು ಬರುತ್ತಾರೆ. ಆ ಫೋನುಗಳಲ್ಲಿ ಏನೇನಿರುತ್ತದೆ ಎಂದು ನಿಮಗೆ ಹೇಳಬೇಕು. ಹಣ ಕಳಿಸುವ ಆ್ಯಪ್ ಮೂರು ಇರುತ್ತವೆ, ಮೂರಕ್ಕೂ ಬೇರೆ ಬೇರೆ ಗುಟ್ಟಿನ ಅಂಕಿ. ನಮ್ಮ ಊರಿಗೆ ತಲುಪಿಸದ ದಿನಸಿ ಕಂಪನಿಯ ಆ್ಯಪ್ ಇರುತ್ತದೆ. ಕ್ಯಾಬ್ ಓಡಾಡದ ಊರಿನಲ್ಲಿ ಕ್ಯಾಬ್ ಆ್ಯಪ್ ಇರುತ್ತದೆ. ಹೆಜ್ಜೆ ಎಣಿಸುವುದು, ನಿದ್ದೆ ಅಳೆಯುವುದು, 'ಫೋನ್ ಕ್ಲೀನ್ ಮಾಡಿ' ಎಂದು ದಿನಕ್ಕೆ ಹತ್ತು ಸಲ ಬಡಿದುಕೊಳ್ಳುವುದು, ಎಲ್ಲವೂ ಇರುತ್ತವೆ. ಅಕ್ಷರಗಳು ಮಾತ್ರ ಆರಂಭದಿಂದ ಕೊನೆಯವರೆಗೆ ಇಂಗ್ಲಿಷಿನಲ್ಲಿರುತ್ತವೆ. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಹೆಂಗಸು ತನ್ನದೇ ಫೋನಿನ ಮುಂದೆ ಅನಕ್ಷರಸ್ಥಳಾಗಿ ಕೂತಿರುತ್ತಾಳೆ. ಇದು ನನಗೆ ನೋವು ಕೊಡುತ್ತದೆ.

ಆದ್ದರಿಂದ ಆ್ಯಪ್ ಸ್ಟೋರು ತೆರೆಯುವ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಯನ್ನು ಕನ್ನಡಕ್ಕೆ ತನ್ನಿ. ಅಕ್ಷರದ ಗಾತ್ರ ದೊಡ್ಡದು ಮಾಡಿ. ಕೀಲಿಮಣೆಗೆ ಕನ್ನಡ ಸೇರಿಸಿ. ಗೂಗಲ್‌ನ ಧ್ವನಿ ಟೈಪಿಂಗ್ 2017ರ ಆಗಸ್ಟ್‌ನಲ್ಲೇ ಕನ್ನಡಕ್ಕೆ ಬಂದಿದೆ. ಮೈಕಿನ ಗುರುತು ಒತ್ತಿ ಮಾತಾಡಿದರೆ ಅಕ್ಷರ ಮೂಡುತ್ತದೆ ಎಂಬುದನ್ನು ನಿಮ್ಮಪ್ಪನಿಗೆ ಯಾರೂ ತೋರಿಸಿಲ್ಲ, ಅಷ್ಟೆ. ನಾನು ತೋರಿಸಿದವರು ಆ ಹೊತ್ತಿನಲ್ಲೇ ತಮ್ಮ ತಂಗಿಗೋ ಮೊಮ್ಮಗಳಿಗೋ ಉದ್ದನೆಯ ಸಂದೇಶ ಕಳಿಸಿದ್ದಾರೆ. ಅವರಿಗೆ ಹೇಳುವುದಕ್ಕೆ ಬೇಕಾದಷ್ಟಿತ್ತು. ಇಲ್ಲಿಯವರೆಗೆ ಅದು ನಿಮಗೆ ಹೆಬ್ಬೆರಳಿನ ಚಿತ್ರವಾಗಿ ತಲುಪುತ್ತಿತ್ತು.

ಇನ್ನು 'ಅಗತ್ಯ ಆ್ಯಪ್' ಎಂಬ ಮಾತಿಗೆ ಬರೋಣ. ಅಗತ್ಯ ಯಾವುದೆಂದು ಈ ದೇಶದಲ್ಲಿ ತೀರ್ಮಾನಿಸುವವರು ಬಹಳ ಜನ. ಫೋನು ಕೈಗೆ ಬರುವ ಮೊದಲೇ ತಯಾರಕರು ತಮಗೆ ಬೇಕಾದ್ದನ್ನು ತುಂಬಿರುತ್ತಾರೆ. ಪ್ಲೇ ಸ್ಟೋರ್ ಬೇಕಿದ್ದರೆ ತನ್ನ ಉಳಿದ ಆ್ಯಪ್‌ಗಳ ಕಟ್ಟನ್ನೂ ಹಾಕಲೇಬೇಕೆಂದು ತಯಾರಕರನ್ನು ಕಟ್ಟಿಹಾಕಿದ್ದೂ ಸೇರಿದಂತೆ ಹಲವು ಕಾರಣಗಳಿಗೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಮರುವರ್ಷ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯೂ ಆ ದಂಡವನ್ನು ಎತ್ತಿಹಿಡಿಯಿತು. 2025ರ ನವೆಂಬರ್ ಕೊನೆಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಎಲ್ಲ ಹೊಸ ಫೋನುಗಳಲ್ಲೂ 'ಸಂಚಾರ್ ಸಾಥಿ' ಆ್ಯಪ್ ಮೊದಲೇ ಇರಬೇಕೆಂದು ಕಂಪನಿಗಳಿಗೆ ಆದೇಶಿಸಿತು. ದೇಶದಾದ್ಯಂತ ಆಕ್ಷೇಪ ಎದ್ದ ಮೇಲೆ ಡಿಸೆಂಬರ್ 3ರಂದು ಕೈಬಿಟ್ಟಿತು. ಆ ಆ್ಯಪ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕಳೆದುಹೋದ ಫೋನನ್ನು ಐಎಂಇಐ ಸಂಖ್ಯೆಯ ಮೂಲಕ ಯಾವ ಸಿಮ್ಮಿಗೂ ಕೆಲಸ ಮಾಡದಂತೆ ತಡೆಹಿಡಿಸಬಹುದು, ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಬಹುದು. ನಾನೇ ಹಲವರಿಗೆ ಹಾಕಿಕೊಟ್ಟಿದ್ದೇನೆ. ಆದರೆ ಕೇಳಿ, ವಿವರಿಸಿ, ಒಪ್ಪಿಸಿ ಹಾಕುವುದು ಬೇರೆ, ಹೇರುವುದು ಬೇರೆ. ಕಂಪನಿ ಹೇರಿದಾಗ ಕೋಪ ಬರುತ್ತದೆ, ಸರ್ಕಾರ ಹೇರಿದಾಗ ಪತ್ರಿಕೆಗಳಲ್ಲಿ ಚರ್ಚೆಯಾಗುತ್ತದೆ. ಮಗ ಹೇರಿದಾಗ ಅಮ್ಮ ಏನೂ ಅನ್ನುವುದಿಲ್ಲ.

ಈ 'ಅಗತ್ಯ' ಎಷ್ಟು ದಿನ ಬಾಳುತ್ತದೆ ಎಂಬುದನ್ನೂ ನೆನೆಯಿರಿ. ಕೆಲವು ವರ್ಷಗಳ ಹಿಂದೆ ಹೊಸ ಫೋನು ಬಂದ ಕೂಡಲೇ ಯುಸಿ ಬ್ರೌಸರ್, ಶೇರ್‌ಇಟ್, ಕ್ಯಾಮ್‌ಸ್ಕ್ಯಾನರ್, ಇಎಸ್ ಫೈಲ್ ಎಕ್ಸ್‌ಪ್ಲೋರರ್, ಕ್ಲೀನ್ ಮಾಸ್ಟರ್ ಹಾಕುವುದು ರೂಢಿಯಾಗಿತ್ತು. ಅವಿಲ್ಲದ ಫೋನು ಅಪೂರ್ಣ ಎನ್ನುತ್ತಿದ್ದರು. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ ಆ ಐದೂ ಒಂದೇ ಪಟ್ಟಿಯಲ್ಲಿ ಹೋದವು. ಫೈಲು ಕಳಿಸುವುದು, ಕಾಗದದ ಫೋಟೊ ತೆಗೆದು ಪಿಡಿಎಫ್ ಮಾಡುವುದು ಫೋನಿನೊಳಗಿನ ಸಾಧನಗಳಿಂದಲೇ ನಡೆಯುತ್ತದೆ. ಕ್ಲೀನರುಗಳಂತೂ ಅಂದೂ ಬೇಕಿರಲಿಲ್ಲ, ಇಂದೂ ಬೇಕಿಲ್ಲ. ಯಾವ ಆ್ಯಪ್ ಮೆಮೊರಿಯಲ್ಲಿ ಇರಬೇಕು, ಯಾವುದು ಹೋಗಬೇಕು ಎಂಬುದನ್ನು ಆಂಡ್ರಾಯ್ಡ್ ತಾನೇ ನೋಡಿಕೊಳ್ಳುತ್ತದೆ. 'ನಿಮ್ಮ ಫೋನಿನಲ್ಲಿ ವೈರಸ್ ಇದೆ' ಎಂದು ಕೆಂಪು ಅಕ್ಷರದಲ್ಲಿ ಹೆದರಿಸುವ ಆ್ಯಪ್ ಒಬ್ಬ ವೃದ್ಧೆಯ ನೆಮ್ಮದಿ ಕೆಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಕೆ ಫೋನನ್ನೇ ಮುಟ್ಟುವುದು ಬಿಟ್ಟಿದ್ದರು.

ಹಾಗಾದರೆ ಏನು ಹಾಕಬೇಕು? ನನ್ನ ಉತ್ತರ ಒಂದೇ. ಪಟ್ಟಿ ಹುಡುಕಬೇಡಿ, ನಿಮ್ಮಪ್ಪ-ಅಮ್ಮನ ದಿನವನ್ನು ನೋಡಿ. ಬೆಳಿಗ್ಗೆ ಎದ್ದಲ್ಲಿಂದ ಮಲಗುವವರೆಗೆ ಅವರು ಯಾವ ಕೆಲಸಕ್ಕೆ ಇನ್ನೊಬ್ಬರನ್ನು ಕಾಯುತ್ತಾರೆ, ಎಲ್ಲಿ ಸರತಿಯಲ್ಲಿ ನಿಲ್ಲುತ್ತಾರೆ ಎಂದು ಕೇಳಿ. ಆ ಕೆಲಸಗಳನ್ನು ನಿಮ್ಮ ನೆರವಿಲ್ಲದೆ ಅವರೇ ಮಾಡಿಕೊಳ್ಳುವಂತೆ ಯಾವ ಆ್ಯಪ್ ಮಾಡುತ್ತದೋ ಅದಷ್ಟೇ ಅಗತ್ಯ.

ಅಪ್ಪ ಕೇಂದ್ರ ಸರ್ಕಾರದ ಪಿಂಚಣಿದಾರರೆ? ಪ್ರತಿ ನವೆಂಬರ್‌ನಲ್ಲಿ ತಾನು ಬದುಕಿದ್ದೇನೆಂದು ತೋರಿಸಲು ಬ್ಯಾಂಕಿನ ಮೆಟ್ಟಿಲು ಹತ್ತುವ ಹಿರಿಯರನ್ನು ನಾನು ಕೌಂಟರಿನ ಈಚೆಯಿಂದ ನೋಡಿದ್ದೇನೆ. ಕೆಲವರನ್ನು ಇಬ್ಬರು ಹಿಡಿದುಕೊಂಡು ಬರುತ್ತಿದ್ದರು. 'ಜೀವನ್ ಪ್ರಮಾಣ್' 2014ರಲ್ಲೇ ಶುರುವಾಯಿತು, ಆಗ ಬೆರಳಚ್ಚಿನ ಯಂತ್ರ ಬೇಕಿತ್ತು. 2021ರ ನವೆಂಬರ್‌ನಲ್ಲಿ ಮುಖ ತೋರಿಸಿ ದೃಢೀಕರಿಸುವ ವ್ಯವಸ್ಥೆ ಬಂದ ಮೇಲೆ ಫೋನಿನ ಕ್ಯಾಮೆರಾ ಸಾಕು. ಆಧಾರ್ ಮುಖ ದೃಢೀಕರಣದ ಆ್ಯಪ್ ಒಂದು, ಜೀವನ್ ಪ್ರಮಾಣ್ ಆ್ಯಪ್ ಒಂದು, ಬೆಳಕಿರುವ ಕಿಟಕಿ ಒಂದು. ಸವೆದ ಬೆರಳಿನ ಗೆರೆ ಯಂತ್ರಕ್ಕೆ ಸಿಗದೆ ವಾಪಸು ಹೋಗುತ್ತಿದ್ದ ರೈತಾಪಿ ಜನರಿಗೂ ನೇಕಾರರಿಗೂ ಇಂಥ ವ್ಯವಸ್ಥೆ ಎಷ್ಟು ದೊಡ್ಡದೆಂದು ಬ್ಯಾಂಕಿನಲ್ಲಿ ಕೂತವರಿಗೆ ಗೊತ್ತು.

ಮನೆಯಲ್ಲಿ ಹೊಲವಿದ್ದರೆ 'ದಿಶಾಂಕ್' ಹಾಕಿಕೊಡಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಮುಂಗಾರಿಗೆ ಮುಂಚೆ, ಏಪ್ರಿಲ್-ಮೇ ತಿಂಗಳ ಸಂಜೆ, ಸಿಡಿಲು ಬಡಿದು ದನಗಾಹಿಗಳೂ ರೈತರೂ ಸತ್ತ ಸುದ್ದಿಯನ್ನು ಪ್ರತಿ ವರ್ಷ ಓದುತ್ತೇವೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ 'ದಾಮಿನಿ' ಆ್ಯಪ್ ಸುತ್ತಮುತ್ತ ಸಿಡಿಲಿನ ಸಾಧ್ಯತೆ ಕಂಡಾಗ ಎಚ್ಚರಿಸುತ್ತದೆ. ನಿಮ್ಮ ಗೆಳೆಯರ ಫೋನುಗಳಲ್ಲಿ ಇದು ಇರಲಾರದು, ನಗರದ ಕಚೇರಿಯಲ್ಲಿ ಕೂತವರಿಗೆ ಬೇಕೂ ಇಲ್ಲ. ಬಯಲಲ್ಲಿ ಮರದಡಿ ನಿಲ್ಲುವ ನಿಮ್ಮಪ್ಪನಿಗೆ ಬೇಕು.

ಬೈಕು ಓಡಿಸುವವರಾದರೆ ಡಿಜಿಲಾಕರಿನಲ್ಲಿ ಲೈಸೆನ್ಸು, ಆರ್‌ಸಿ ಇಳಿಸಿಡಿ. ವಾಟ್ಸ್‌ಆ್ಯಪ್ ಹೇಗೂ ಇರುತ್ತದೆ. ಅದಕ್ಕೆ ಎರಡು ಹಂತದ ಪಿನ್ ಹಾಕಿ, ಆ ಪಿನ್ ಅವರಿಗೇ ನೆನಪಿರುವಂಥದ್ದಾಗಿರಲಿ. ಬೆಂಗಳೂರಿಗೆ ಬಂದಾಗ ಮೆಟ್ರೊ ಟಿಕೆಟಿಗೆಂದು ಇನ್ನೊಂದು ಆ್ಯಪ್ ಬೇಡ, 2022ರ ನವೆಂಬರ್ 1ರಿಂದ ವಾಟ್ಸ್‌ಆ್ಯಪಿನಲ್ಲೇ ಸಿಗುತ್ತದೆ. ಇರುವ ಆ್ಯಪಿನಲ್ಲೇ ಆಗುವ ಕೆಲಸಕ್ಕೆ ಹೊಸದನ್ನು ತರಬೇಡಿ.

ಹಣದ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟಿನ ಮನುಷ್ಯ. ಯುಪಿಐ ಆ್ಯಪ್ ಒಂದೇ ಇರಲಿ. ಭೀಮ್ ಆಗಲಿ ಬೇರೆಯದಾಗಲಿ, ನಿಮ್ಮ ಕ್ಯಾಶ್‌ಬ್ಯಾಕಿನ ಆಸೆಗೆ ಎರಡನೆಯದು ಬೇಡ. ಪಿಂಚಣಿ ಬೀಳುವ ಖಾತೆಯನ್ನು, ಠೇವಣಿ ಇರುವ ಖಾತೆಯನ್ನು ಅದಕ್ಕೆ ಜೋಡಿಸಲೇಬೇಡಿ. ಬೇರೊಂದು ಉಳಿತಾಯ ಖಾತೆ ತೆರೆಸಿ, ತಿಂಗಳ ಖರ್ಚಿಗೆ ಆಗುವಷ್ಟು ಅದರಲ್ಲಿಟ್ಟು, ಅದನ್ನು ಜೋಡಿಸಿ. ಏನೇ ಅನಾಹುತವಾದರೂ ಹೋಗುವುದು ಅಷ್ಟೇ. ಮತ್ತು ಒಂದು ಮಾತನ್ನು ಅವರು ಬಾಯಿಪಾಠ ಹೇಳುವವರೆಗೂ ಹೇಳಿಕೊಡಿ: ಹಣ ಬರಲು ಪಿನ್ ಬೇಕಿಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆ. ಯುಪಿಐ ಬಂದದ್ದು 2016ರಲ್ಲಿ. ಇಷ್ಟು ವರ್ಷವಾದರೂ ಈ ಒಂದು ವಾಕ್ಯ ತಿಳಿಯದೆ 'ಹಣ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ತೆಗೆದುಕೊಳ್ಳಿ' ಎಂದವನ ಮಾತು ನಂಬಿ ಕಳೆದುಕೊಂಡವರು ನನ್ನ ಮುಂದೆ ಕೂತು ಅತ್ತಿದ್ದಾರೆ. ಕಳೆದ ಮೊತ್ತಕ್ಕಿಂತ ಹೆಚ್ಚಾಗಿ ಅವರನ್ನು ಕಾಡುವುದು 'ಮಕ್ಕಳಿಗೆ ಹೇಗೆ ಹೇಳಲಿ' ಎಂಬ ಹೆದರಿಕೆ. ನೀವು ಫೋನಿನಲ್ಲಿ ರೇಗಿದ್ದನ್ನು ಅವರು ಮರೆತಿರುವುದಿಲ್ಲ.

ಪ್ರತಿಯೊಂದು ಆ್ಯಪ್ ಇಳಿಸುವಾಗಲೂ ಅದು ಕೇಳುವ ಅನುಮತಿಗಳನ್ನು ಓದಿ, ಅವರಿಗೂ ಓದಿಸಿ. ದಾಮಿನಿ ನೀವಿರುವ ಜಾಗ ಕೇಳಿದರೆ ನ್ಯಾಯ. ಎಲ್ಲಿ ಸಿಡಿಲೆಂದು ಹೇಳಬೇಕಾದರೆ ನೀವೆಲ್ಲಿ ಎಂದು ಅದಕ್ಕೆ ಗೊತ್ತಿರಬೇಕು. ಟಾರ್ಚಿಗೆ ಅದೇಕೆ ಬೇಕು? 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಂಡದ್ದು ಕೋಟ್ಯಂತರ ಜನ ಇಳಿಸಿಕೊಂಡಿದ್ದ ಇಂಥದೇ ಒಂದು ಟಾರ್ಚ್ ಆ್ಯಪ್ ಮೇಲೆ; ಬಳಸುವವರು ಎಲ್ಲಿದ್ದಾರೆಂಬ ಮಾಹಿತಿಯನ್ನು ಅದು ಜಾಹೀರಾತು ಜಾಲಗಳಿಗೆ ದಾಟಿಸುತ್ತಿತ್ತು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಈಚೆಗೆ ಅನುಮತಿಗಳನ್ನು ಒಂದೊಂದಾಗಿ ಒಪ್ಪಲೂ ನಿರಾಕರಿಸಲೂ ಬರುತ್ತದೆ. ಆ ಹಕ್ಕನ್ನು 'ಅಲೌ, ಅಲೌ, ಅಲೌ' ಎಂದು ಒತ್ತುತ್ತ ನಿಮ್ಮ ಅವಸರದಲ್ಲಿ ಕಳೆಯಬೇಡಿ, ಅದು ನಿಮ್ಮಮ್ಮನ ಹಕ್ಕು. ಸಾಲ ಕೊಡುವ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿಯನ್ನೂ ಫೋಟೊಗಳನ್ನೂ ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿದೆ. ಹಾಗಿದ್ದೂ ಯಾವುದಾದರೂ ಸಾಲದ ಆ್ಯಪ್ ಅವನ್ನು ಕೇಳಿದರೆ, ಆ ಕ್ಷಣವೇ ತೆಗೆದುಹಾಕಿ.

ಈಗಿನ ದೊಡ್ಡ ಅಪಾಯ ಸ್ಟೋರಿನ ಹೊರಗಿನಿಂದ ಬರುತ್ತದೆ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಕಿಸಾನ್ ಯೋಜನೆಯ ಹೊಸ ಪಟ್ಟಿ ಎಂಬ ಹೆಸರು ಹೊತ್ತು ವಾಟ್ಸ್‌ಆ್ಯಪಿಗೆ ಎಪಿಕೆ ಫೈಲು ಬರುತ್ತದೆ. ಒತ್ತಿ ಹಾಕಿಕೊಂಡರೆ ಫೋನಿಗೆ ಬರುವ ಸಂದೇಶಗಳು, ಒಟಿಪಿಗಳು ಬೇರೆಯವರ ಕೈಸೇರುತ್ತವೆ. ನಮ್ಮ ಜನ ಮದುವೆಯ ಕರೆಯೋಲೆಯನ್ನು ತೆರೆಯದೆ ಇಡುವವರಲ್ಲ, ಕಳ್ಳರಿಗೆ ಅದು ಗೊತ್ತು. ಸೆಟ್ಟಿಂಗ್ಸ್‌ನಲ್ಲಿ ಅಪರಿಚಿತ ಮೂಲದ ಆ್ಯಪ್ ಹಾಕಿಕೊಳ್ಳುವ ಅನುಮತಿ ಇರುತ್ತದಲ್ಲ, ಅದನ್ನು ವಾಟ್ಸ್‌ಆ್ಯಪಿಗೂ ಬ್ರೌಸರಿಗೂ ಮುಚ್ಚಿಬಿಡಿ. ನಿಮ್ಮ ಅನುಕೂಲಕ್ಕೆಂದು ಎನಿಡೆಸ್ಕ್‌ನಂಥ, ದೂರದಿಂದ ಫೋನು ನಡೆಸುವ ಆ್ಯಪನ್ನು ಅಲ್ಲಿ ಬಿಟ್ಟು ಹೋಗಲೂಬೇಡಿ. ಅದರ ದುರುಪಯೋಗದ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. 'ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ, ಆ ಆ್ಯಪ್ ತೆರೆದು ನಂಬರ್ ಹೇಳಿ' ಎನ್ನುವವನಿಗೆ ನೀವೇ ಬಾಗಿಲು ತೆರೆದಿಟ್ಟಂತೆ ಆಗುತ್ತದೆ.

ಇಷ್ಟನ್ನು ಒಂದು ಗಂಟೆಯಲ್ಲಿ ಮುಗಿಸಲು ಆಗದು. ಒಂದು ದಿನ ರಜೆ ಹೆಚ್ಚು ಹಾಕಿ. ಒಂದು ಆ್ಯಪ್ ಹಾಕಿದ ಮೇಲೆ ಫೋನನ್ನು ಅವರ ಕೈಗೆ ಕೊಟ್ಟು, ನೀವು ಕೈಕಟ್ಟಿ ಕೂತು, ಅವರೇ ಮೂರು ಬಾರಿ ಮಾಡುವುದನ್ನು ನೋಡಿ. ತಪ್ಪು ಗುಂಡಿ ಒತ್ತಿದರೆ ಕಸಿದುಕೊಳ್ಳಬೇಡಿ. ಅವರಿಗೆ ಬಾರದ ಆ್ಯಪ್ ಇದ್ದರೆ ಅದನ್ನು ತೆಗೆದು, ಮುಂದಿನ ಹಬ್ಬಕ್ಕೆ ಬಂದಾಗ ಕಲಿಸಿ. ಬಂದ ಮೇಲೆ 'ಏನಮ್ಮ ಇದನ್ನು ಬಳಸಿದೆಯಾ' ಎಂದು ಪರೀಕ್ಷೆ ಮಾಡುವ ಬದಲು ಯಾವುದನ್ನು ತೆಗೆಯಲಿ ಎಂದು ಕೇಳಿ. ಅವರು ಧೈರ್ಯವಾಗಿ ಹೇಳುತ್ತಾರೆ.

ಹೊರಡುವ ಮೊದಲು *#06# ಒತ್ತಿ ಐಎಂಇಐ ಸಂಖ್ಯೆಯನ್ನು ಕ್ಯಾಲೆಂಡರಿನ ಹಿಂಬದಿ ಬರೆದಿಡಿ. ಸೈಬರ್ ವಂಚನೆಯ ಸಹಾಯವಾಣಿ 1930 ಅನ್ನು ಕಾಂಟ್ಯಾಕ್ಟಿನಲ್ಲಿ 'ದುಡ್ಡು ಹೋದರೆ' ಎಂದು ಕನ್ನಡದಲ್ಲೇ ಉಳಿಸಿ, ಪಕ್ಕದಲ್ಲಿ ನಿಮ್ಮ ಸಂಖ್ಯೆಯನ್ನೂ ಇಡಿ. ಹಣ ಕಳ್ಳನ ಖಾತೆಯಿಂದ ಮುಂದೆ ಸಾಗುವ ಮೊದಲು ಕರೆ ಹೋದರೆ ತಡೆಹಿಡಿಯಲು ಅವಕಾಶವಿರುತ್ತದೆ, ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಅಮ್ಮನಿಗೆ ಈ ಮಾತನ್ನು ಬಾಯಿಬಿಟ್ಟು ಹೇಳಿ ಹೋಗಿ: ಏನೇ ಆದರೂ ಮೊದಲು 1930ಕ್ಕೆ ಮಾಡು, ಆಮೇಲೆ ನನಗೆ ಮಾಡು, ನಾನು ಬೈಯುವುದಿಲ್ಲ.

ಇಂತಿ ನಿಮ್ಮ ಊರಿನ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ