ನಮಗೇನೂ ಅಭ್ಯಂತರ ಇಲ್ಲ, ಆದರೆ…

ಮುಳಬಾಗಿಲಿನಿಂದ ಕುರುಡುಮಲೆಗೆ ಸುಮಾರು 10 ಕಿಲೋಮೀಟರ್. ಆ 10 ಕಿಲೋಮೀಟರಿನಲ್ಲಿ ನಮ್ಮ ಮೇಷ್ಟ್ರು 23 ಸಲ ‘ಆದರೆ’ ಅಂದದ್ದನ್ನು, ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಾ ನಾನೇ ಎಣಿಸಿದ್ದೇನೆ. ಮಳೆ ಚೆನ್ನಾಗಾಯ್ತು, ಆದರೆ ಟೊಮೇಟೊಗೆ ರೋಗ ಬಿತ್ತು. ಟೊಮೇಟೊಗೆ ರೇಟು ಬಂತು, ಆದರೆ ಬೆಳೆದವನ ಹತ್ತಿರ ಕಾಯಿ ಇಲ್ಲ. ಮಗ ಅಮೆರಿಕದಲ್ಲಿದ್ದಾನೆ, ಆದರೆ ಸೊಸೆಯೂ ಅಲ್ಲೇ ಇದ್ದಾಳೆ. ಈ ಕೊನೆಯ ‘ಆದರೆ’ ಯಾಕೆ ಬಂತೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಇಂಥವರು ಎಲ್ಲ ಊರಿನಲ್ಲೂ ಒಬ್ಬರಿರುತ್ತಾರೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಜೇಬಿನಲ್ಲಿ ಪೆನ್ಸಿಲು, ಕಂಕುಳಲ್ಲಿ ಪುಸ್ತಕ. ಪತ್ರಿಕೆಗೆ ಪತ್ರ ಬರೆಯುವವರು, ಗೃಹಪ್ರವೇಶಕ್ಕೆ ಹೋದರೆ ಉಡುಗೊರೆಯಾಗಿ ಪುಸ್ತಕ ಕೊಟ್ಟು ಮನೆಯವರ ಮುಖ ಸಪ್ಪಗಾಗುವುದನ್ನು ಗಮನಿಸದವರು. ಡಿ.ವಿ.ಜಿ. ಹುಟ್ಟಿದ ಊರು ಮುಳಬಾಗಿಲು, ಮಾಸ್ತಿ ಹುಟ್ಟಿದ್ದು ನಮ್ಮದೇ ಜಿಲ್ಲೆಯ ಮಾಲೂರು ತಾಲ್ಲೂಕು. ಆದ್ದರಿಂದ ಕನ್ನಡ ಸಾಹಿತ್ಯದ ಉಸ್ತುವಾರಿ ತಮ್ಮ ಮೇಲೇ ಬಿದ್ದಿದೆ ಅಂತ ನಮ್ಮ ಮೇಷ್ಟ್ರು ನಂಬಿದ್ದಾರೆ. ಉಳಿದವರು ಮನೆಯಲ್ಲಿ ತೆಲುಗು ಆಡಿ, ಅಂಗಡಿಯಲ್ಲಿ ಕನ್ನಡ ಆಡಿ, ಜಗಳಕ್ಕೆ ಎರಡನ್ನೂ ಬಳಸಿ ಆರಾಮಾಗಿದ್ದೇವೆ.

ನನ್ನದು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್ ಕಾರ್ಡಿನ ನಕಲುಗಳ ನಡುವೆ ಒಂದು ಹಲಗೆಯ ಮೇಲೆ ಮೂವತ್ತು ನಲವತ್ತು ಕನ್ನಡ ಪುಸ್ತಕ ಇಟ್ಟಿದ್ದೇನೆ. ಯಾರು ಬೇಕಾದರೂ ಒಯ್ಯಬಹುದು, ತಂದು ಕೊಟ್ಟರೆ ಸಂತೋಷ. ಮೇಷ್ಟ್ರಿಗೆ ವಸುಧೇಂದ್ರರ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಸಿಕ್ಕಿದ್ದು ಇದೇ ಹಲಗೆಯಲ್ಲಿ. ಬಳ್ಳಾರಿ ಸೀಮೆಯ ಸಂಡೂರಿನಲ್ಲಿ ಬೆಳೆದ ಹುಡುಗನೊಬ್ಬ ಅಮ್ಮನನ್ನು, ಮನೆಯನ್ನು, ಬಾಲ್ಯವನ್ನು ನಗುತ್ತಾ ನೆನೆಯುವ ಪ್ರಬಂಧಗಳು. ಮೇಷ್ಟ್ರು ಅಂಗಡಿಯ ಸ್ಟೂಲಿನ ಮೇಲೇ ಕೂತು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ವಲ್ಪ ಹೊತ್ತಿಗೆ ಕನ್ನಡಕ ತೆಗೆದು ಪಂಚೆ ತುದಿಯಲ್ಲಿ ಕಣ್ಣು ಒರೆಸಿಕೊಂಡರು. “ನೋಡಯ್ಯಾ, ಬರೆದರೆ ಹಿಂಗೆ ಬರೀಬೇಕು. ಒಂದು ಮುಚ್ಚುಮರೆ ಇಲ್ಲ! ತನ್ನ ಬಡತನ, ತನ್ನ ಪೆದ್ದುತನ ಎಲ್ಲಾ ಬಿಚ್ಚಿಟ್ಟಿದ್ದಾನೆ. ಪ್ರಾಮಾಣಿಕತೆ ಅಂದ್ರೆ ಇದು.” ಆ ಮಾತಿನಲ್ಲಿ ‘ಆದರೆ’ ಇರಲಿಲ್ಲ. ನಾನು ಬೆಚ್ಚಿಬಿದ್ದೆ.

ಆಮೇಲೆ ಆ ವರ್ಷ ಅವರು ಹೋದ ಮದುವೆಗಳಿಗೆಲ್ಲ ಅದೇ ಪುಸ್ತಕ ಉಡುಗೊರೆ. ಒಂದೇ ಮನೆಯ ಅಣ್ಣ ತಮ್ಮಂದಿರ ಮದುವೆಗೆ ಎರಡು ಪ್ರತಿ ಕೊಟ್ಟು, ಇಬ್ಬರು ಸೊಸೆಯರೂ ‘ನಮ್ಮಮ್ಮ’ ಅಂದರೆ ಯಾರಮ್ಮ ಅಂತ ಚರ್ಚೆಗಿಳಿದದ್ದು ಬೇರೆಯೇ ಪ್ರಸಂಗ.

2013ರಲ್ಲಿ ಅದೇ ಲೇಖಕರ ‘ಮೋಹನಸ್ವಾಮಿ’ ಬಂತು. ಸಲಿಂಗಕಾಮಿ ಯುವಕನೊಬ್ಬನ ಕಥೆಗಳು. ಹಾಗೆಂದು ಲೇಖಕರು ಕಥೆಯ ಹಿಂದೆ ಅಡಗಿಕೊಳ್ಳಲಿಲ್ಲ, ತಾವೂ ಅಂಥವರೇ ಎಂದು ಬಹಿರಂಗವಾಗಿ ಹೇಳಿದರು. ಪುಸ್ತಕ ನನ್ನ ಹಲಗೆಗೆ ಬರುವ ಮೊದಲೇ ಸುದ್ದಿ ಮೇಷ್ಟ್ರ ಕಿವಿಗೆ ಬಿದ್ದಿತ್ತು. ಅವತ್ತು ಬಂದವರು ಸ್ಟೂಲಿನ ಮೇಲೆ ಕೂರಲಿಲ್ಲ. ಜೆರಾಕ್ಸ್ ಮಿಷನ್ನಿನ ಮೇಲೆ ಕೈಯಿಟ್ಟು ನಿಂತೇ ಹೇಳಿದರು.

“ನಮಗೇನೂ ಅಭ್ಯಂತರ ಇಲ್ಲ. ಅವರವರ ಜೀವನ ಅವರವರಿಗೆ. ಆದರೆ, ಅದನ್ನೆಲ್ಲ ಬರೀಬೇಕಾ?”

“ಮುಚ್ಚುಮರೆ ಇಲ್ಲ ಅಂತ ನೀವೇ ಹೊಗಳಿದ್ರಲ್ಲ ಸಾರ್?”

“ಮುಚ್ಚುಮರೆ ಇರಬಾರದು ಕಣಯ್ಯಾ. ಆದರೆ ಮುಚ್ಚಿಡಬೇಕಾದ್ದನ್ನ ಮುಚ್ಚಿಡಬೇಕು.”

ಮೂವತ್ತು ವರ್ಷ ಅಲಂಕಾರ ಶಾಸ್ತ್ರ ಕಲಿಸಿದವರಿಗೆ ಮಾತ್ರ ಸಾಧ್ಯವಾಗುವ ವಾಕ್ಯ ಇದು. ಅವರ ಕಳವಳಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಮದುವೆ ಉಡುಗೊರೆಗಳು. ಅಷ್ಟು ಜನ ನವದಂಪತಿಗಳಿಗೆ ಸಹಿ ಹಾಕಿ ಕೊಟ್ಟುಬಿಟ್ಟಿದ್ದೇನಲ್ಲ, ಏನಂದುಕೊಂಡಾರು ಎಂದು. ವಾಪಸ್ಸು ಕೇಳುವ ಹಾಗಿಲ್ಲ. ಒಂದು ಸಮಾಧಾನ ಏನೆಂದರೆ, ಅವರಲ್ಲಿ ಒಬ್ಬರೂ ಪುಸ್ತಕ ಬಿಚ್ಚಿ ನೋಡಿರಲಿಲ್ಲ.

ಅದೇ ವರ್ಷ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟು, ಸಲಿಂಗಕಾಮವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮನ್ನು ಎತ್ತಿಹಿಡಿಯಿತು. ಮಾರನೆಯ ದಿನ ಮೇಷ್ಟ್ರು ಪೇಪರು ಹಿಡಿದುಕೊಂಡು ಬಂದರು. “ನೋಡಿದೆಯಾ, ಕೋರ್ಟೇ ಹೇಳಿದೆ. ನಮ್ಮದೇನಿದೆ ನಡುವೆ?” ಐದು ವರ್ಷ ಕಳೆದು 2018ರ ಸೆಪ್ಟೆಂಬರ್ 6ಕ್ಕೆ ಅದೇ ಕೋರ್ಟು, ವಯಸ್ಕರಿಬ್ಬರು ಒಪ್ಪಿ ಇರುವುದು ಅಪರಾಧವಲ್ಲ ಎಂದಿತು. ಮೇಷ್ಟ್ರು ಮತ್ತೆ ಪೇಪರು ಹಿಡಿದುಕೊಂಡು ಬಂದರು. “ಕೋರ್ಟು ಹೇಳಿದ ಮಾತ್ರಕ್ಕೆ ಆಗಿಹೋಯ್ತಾ? ಸಮಾಜ ಅಂತ ಒಂದಿಲ್ವಾ?” ಕಾನೂನು ಬದಲಾಯಿತು, ಪೇಪರು ಹಿಡಿದ ಕೈ ಬದಲಾಗಲಿಲ್ಲ.

ನನ್ನ ಅಂಗಡಿಗೆ ಬರುವ ಉಳಿದ ಓದುಗರ ಮಾತನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮೇಷ್ಟ್ರೊಬ್ಬರನ್ನೇ ಹಿಡಿದು ಆಡಿಕೊಂಡಂತಾಗುತ್ತದೆ. ಹಾಲಿನ ಡೈರಿಯ ಸೆಕ್ರೆಟರಿ “ಇದೆಲ್ಲ ಬೆಂಗಳೂರು ಕಾಯಿಲೆ” ಅಂದರು. ಲೇಖಕರು ಹುಟ್ಟಿ ಬೆಳೆದದ್ದು ಸಂಡೂರು ಅಂದೆ. ಒಂದು ಕ್ಷಣ ಯೋಚಿಸಿ “ಗಣಿ ಧೂಳು ನಾಯನಾ, ಅಲ್ಲಿ ಏನಾದರೂ ಆಗುತ್ತೆ” ಅಂದರು. ಒಬ್ಬ ವಕೀಲರು ಪುಸ್ತಕದಲ್ಲಿ ಬರೆದದ್ದೆಲ್ಲ ನಿಜವಾ, ಕಲ್ಪನೆಯಾ ಎಂಬ ಒಂದೇ ಪ್ರಶ್ನೆಗೆ ಅಂಟಿಕೊಂಡರು. ನಿಜವಾದರೆ ಛೀ, ಕಲ್ಪನೆಯಾದರೆ ಮೋಸ ಎಂಬುದು ಅವರ ವಾದ. ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬ ಪುಸ್ತಕ ವಾಪಸ್ಸು ತಂದವನು ಏನೂ ಅನ್ನದೆ, ರಸ್ತೆ ಕಡೆ ನೋಡುತ್ತಾ “ಇದಕ್ಕೆ ಎರಡನೇ ಭಾಗ ಇದೆಯಾ ಅಣ್ಣಾ?” ಎಂದು ಕೇಳಿದ. ಇಲ್ಲ ಅಂದೆ. ಹಾಗಾದರೆ ಇದನ್ನೇ ಇನ್ನೊಂದು ಸಲ ಒಯ್ಯುತ್ತೇನೆ ಎಂದು ಒಯ್ದ.

ಇಷ್ಟಾದರೂ ಮೇಷ್ಟ್ರಿಗೆ ಪುಸ್ತಕ ಓದದೆ ಇರಲು ಆಗಲಿಲ್ಲ. ಓದದೆ ಖಂಡಿಸುವುದು ಅವರ ಶಿಸ್ತಿಗೆ ಹೊರಗಿನದು. ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಬಂದು, ಅತ್ತಿತ್ತ ನೋಡಿ, “ಆ ಪುಸ್ತಕ ಕೊಡು, ಖಂಡಿಸೋಕೆ ಬೇಕು” ಅಂದರು. ಮನೆಗೆ ಒಯ್ದು ಅದಕ್ಕೆ ಕಂದು ಕಾಗದದ ರಟ್ಟು ಹಾಕಿದರು. ಮೂಲೆಗಳನ್ನು ಶಾಲೆಯಲ್ಲಿ ನಮಗೆ ಹೇಳಿಕೊಟ್ಟ ಹಾಗೇ ತ್ರಿಕೋನವಾಗಿ ಮಡಚಿ, ನಡುವೆ ದುಂಡಗಿನ ಅಕ್ಷರದಲ್ಲಿ ‘ಕನ್ನಡ ವ್ಯಾಕರಣ’ ಎಂದು ಬರೆದರು. ಮೋಹನಸ್ವಾಮಿಯ ಮೊದಲ ಕಥೆ ಪತ್ರಿಕೆಯಲ್ಲಿ ಬಂದಾಗ ಲೇಖಕರೂ ಬೇರೆ ಹೆಸರು ಹಾಕಿಕೊಂಡಿದ್ದರು. ಬರೆದವರು ಆ ಹೆಸರು ಕಳಚಿಟ್ಟ ಮೇಲೆ, ಓದುವವರು ಹೆಸರು ತೊಡಿಸುವ ಪಾಳಿ ಬಂದಿತ್ತು.

ವ್ಯಾಕರಣದ ಪುಸ್ತಕ ಓದುತ್ತಾ ಗಂಡ ಯಾಕೆ ಇಷ್ಟು ಹೊತ್ತು ಎಚ್ಚರವಾಗಿದ್ದಾರೆ ಎಂದು ಅಮ್ಮನವರಿಗೆ ಅನುಮಾನ ಬಂತು. ಮೇಷ್ಟ್ರು ಬ್ಯಾಂಕಿಗೆ ಹೋದಾಗ ತೆಗೆದು ನೋಡಿದರು. ಎರಡು ಮಧ್ಯಾಹ್ನದಲ್ಲಿ ಓದಿ ಮುಗಿಸಿದರು. ನಾನು ಹೋದಾಗ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. “ಪಾಪ, ಆ ಹುಡುಗ ಒಂದು ಸೈಕಲ್ ಕಲಿಯೋಕೆ ಎಷ್ಟು ಒದ್ದಾಡಿದಾನೆ ಕಣಪ್ಪಾ. ಜೊತೆಯವರೆಲ್ಲ ಆಡಿಕೊಳ್ಳೋರು. ಓದಿ ನನಗೆ ಊಟ ಸೇರಲಿಲ್ಲ” ಅಂದರು. ಆಮೇಲೆ ದನಿ ತಗ್ಗಿಸಿ, “ನಮ್ಮ ಚಿಕ್ಕಪ್ಪ ಒಬ್ಬರಿದ್ದರು. ಮದುವೆ ಬೇಡ ಬೇಡ ಅಂತ ಆವಣಿ ಬೆಟ್ಟಕ್ಕೆ ಹೋಗಿ ಕೂತುಬಿಡೋರು. ದೈವಭಕ್ತಿ ಅಂದುಕೊಂಡಿದ್ವಿ” ಎಂದು ಇನ್ನೊಂದು ಕಾಯಿ ಬಿಡಿಸಿದರು. ಅಷ್ಟೇ. ಅದರ ಮೇಲೆ ಅವರೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ.

ಸಂಕಷ್ಟಿಯ ದಿನ ಮೇಷ್ಟ್ರನ್ನು ಕುರುಡುಮಲೆಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಸೇವೆ. ಏಕಶಿಲೆಯ ಗಣಪತಿ, 13.5 ಅಡಿ ಎತ್ತರ. ಎದುರು ನಿಂತರೆ ಕತ್ತು ಎತ್ತಲೇಬೇಕು. ರಾಜಕಾರಣಿಗಳು ಚುನಾವಣೆ ಯಾತ್ರೆ ಹೊರಡುವುದೂ ಇಲ್ಲಿಂದಲೇ, 1999ರಲ್ಲಿ ಎಸ್.ಎಂ. ಕೃಷ್ಣ ಪಾಂಚಜನ್ಯ ಯಾತ್ರೆ ಹೊರಟು ಮುಖ್ಯಮಂತ್ರಿಯಾದ ಮೇಲಂತೂ ಗಣಪತಿಗೆ ಬಿಡುವಿಲ್ಲ. ಹೊರಗಿನಿಂದ ಯಾರಾದರೂ ಬಂದಿದ್ದರೆ ಮೇಷ್ಟ್ರು ತಾವಾಗಿಯೇ ಗೈಡು. ದೇವತೆಗಳು ಕೂಡಿದ ಜಾಗವಾದ್ದರಿಂದ ಇದು ಕೂಡುಮಲೆ, ಜನರ ಬಾಯಲ್ಲಿ ಕುರುಡುಮಲೆ ಆಯಿತು ಅನ್ನುತ್ತಾರೆ. ಗಣಪತಿಯನ್ನು ತ್ರಿಮೂರ್ತಿಗಳೇ ಪ್ರತಿಷ್ಠಾಪಿಸಿದರು ಅನ್ನುತ್ತಾರೆ. ಅಲ್ಲಿಂದ ಸೋಮೇಶ್ವರ ಗುಡಿಗೆ ಕರೆದುಕೊಂಡು ಹೋಗಿ, ಇಷ್ಟು ಭಾಗ ಅಪ್ಪ ಜಕಣಾಚಾರಿ ಕೆತ್ತಿದ್ದು, ಇಷ್ಟು ಮಗ ಡಂಕಣಾಚಾರಿ ಕೆತ್ತಿದ್ದು ಎಂದು ಕಂಬ ಮುಟ್ಟಿ ತೋರಿಸುತ್ತಾರೆ, ತಾವೇ ಪಕ್ಕದಲ್ಲಿ ನಿಂತು ಉಳಿ ಎತ್ತಿಕೊಟ್ಟವರ ಹಾಗೆ.

ಒಂದು ಸಲ ತಡೆಯಲಾಗದೆ ಕೇಳಿದೆ. “ಸಾರ್, ಇದು ನಿಜವಾ, ಕಲ್ಪನೆಯಾ?”

“ಕಥೆ ಕಣಯ್ಯಾ! ಕಥೆಗೆ ಯಾರಾದರೂ ಸಾಕ್ಷಿ ಕೇಳ್ತಾರಾ?”

“ಮತ್ತೆ ಮೋಹನಸ್ವಾಮಿಗೆ ಕೇಳ್ತಾರಲ್ಲ?”

ಆ ದಿನ ವಾಪಸ್ಸು ಬರುವಾಗ 10 ಕಿಲೋಮೀಟರಿಗೂ ಸೇರಿ ಬರೀ ನಾಲ್ಕು ‘ಆದರೆ’.

ಬೇಸಿಗೆಗೆ ಅಮೆರಿಕದಿಂದ ಮೊಮ್ಮಗಳು ಬಂದಳು. ತಾತನಿಗೆ ಹಾಸ್ಯ ಇಷ್ಟ ಎಂದು ಡೇವಿಡ್ ಸೆಡಾರಿಸ್ ಎಂಬುವರ ಒಂದು ಪ್ರಬಂಧವನ್ನು ಕನ್ನಡದಲ್ಲಿ ವಿವರಿಸಿ ಹೇಳಿದಳು. ಅಲ್ಲಿನ ದೊಡ್ಡ ಹಾಸ್ಯ ಲೇಖಕ, ಆತನೂ ಸಲಿಂಗಕಾಮಿ. ಐದನೇ ತರಗತಿಯಲ್ಲಿದ್ದಾಗ ‘ಸ’ ಸರಿಯಾಗಿ ಹೊರಡುವುದಿಲ್ಲ ಎಂದು ಆತನನ್ನು ಕ್ಲಾಸಿನಿಂದ ಎಬ್ಬಿಸಿ ಉಚ್ಚಾರಣೆ ತಿದ್ದುವ ಟೀಚರ ಬಳಿ ಕಳಿಸುತ್ತಿದ್ದರಂತೆ. ಹುಡುಗ ‘ಸ’ ಬರುವ ಮಾತುಗಳನ್ನೇ ಬಿಟ್ಟು, ನಿಘಂಟು ಹುಡುಕಿ ಬೇರೆ ಪದ ಹಾಕಿ ಮಾತಾಡಲು ಕಲಿತನಂತೆ. ತಿದ್ದಿಸಿಕೊಳ್ಳಲು ಹೋಗುತ್ತಿದ್ದವರೆಲ್ಲ ತನ್ನಂಥ ಹುಡುಗರೇ ಎಂಬುದು ಅವನ ಕಣ್ಣಿಗೆ ಬಿತ್ತಂತೆ. ಮೊಮ್ಮಗಳು ಹೇಳುತ್ತಾ ತಾನೇ ನಕ್ಕಳು. ಮೇಷ್ಟ್ರು ನಗಲಿಲ್ಲ.

“ಆ ಟೀಚರದ್ದು ಏನು ತಪ್ಪಮ್ಮಾ? ‘ಸ’ ತಿದ್ದೋದು ತಪ್ಪಾ? ‘ಶಂಕರ’ ಅನ್ನೋದನ್ನ ‘ಸಂಕರ’ ಅಂದರೆ ಅರ್ಥವೇ ಕೆಟ್ಟುಹೋಗುತ್ತೆ. ನಾನು ಮೂವತ್ತು ವರ್ಷ ಇದೇ ಕೆಲಸ ಮಾಡಿದೆ.”

ಮಾಡಿದ್ದರು. ನಮ್ಮ ಕಡೆ ‘ಶ’ ಹುಟ್ಟುವುದೇ ಕಷ್ಟ; ನಾವು ಸಿವ, ಸಂಕ್ರ, ಸನಿವಾರ ಅನ್ನುವವರು. ಮೇಷ್ಟ್ರು ಬೆತ್ತ ಹಿಡಿದು ಒಬ್ಬೊಬ್ಬರ ಬಾಯಲ್ಲೂ ‘ಶ’ ಬಿತ್ತಿದರು. ನಮ್ಮ ಕ್ಲಾಸಿನಲ್ಲಿ ಒಬ್ಬನಿದ್ದ. ಮೆಲ್ಲಗೆ ಮಾತಾಡುವವನು, ನಡೆದರೆ ಹುಡುಗರು ಹಿಂದೆ ಶಿಳ್ಳೆ ಹಾಕುತ್ತಿದ್ದರು. ಮೇಷ್ಟ್ರು ಅವನ ‘ಶ’ ಅಲ್ಲದೆ ನಡಿಗೆ, ಕೈ ಆಡಿಸುವ ರೀತಿಯನ್ನೂ ತಿದ್ದಲು ನೋಡಿದರು. ಶಿಳ್ಳೆ ಹಾಕಿದವರಲ್ಲಿ ನಾನೂ ಒಬ್ಬ. ಅವನು ಎಸ್ಸೆಸ್ಸೆಲ್ಸಿ ಆದ ಮೇಲೆ ಊರು ಬಿಟ್ಟ. ಎಲ್ಲಿದ್ದಾನೋ ಗೊತ್ತಿಲ್ಲ.

ಮೇಷ್ಟ್ರಿಗೂ ಆ ಹೊತ್ತಿಗೆ ಅವನೇ ನೆನಪಾಗಿರಬೇಕು. ಸುಮ್ಮನೆ ಕೂತರು. ಆಮೇಲೆ ಅಭ್ಯಾಸಬಲದಿಂದ ಶುರು ಮಾಡಿದರು. “ನಮಗೇನೂ ಅಭ್ಯಂತರ ಇಲ್ಲಮ್ಮಾ. ಆದರೆ ತನ್ನ ಹುಡುಗಾಟದ ಕಥೆ, ಯಾರ ಮೇಲೆ ಮನಸ್ಸಾಯ್ತು, ಇದನ್ನೆಲ್ಲ ಊರ ಮುಂದೆ ಯಾಕೆ…”

ಒಳಗಿನಿಂದ ಅಮ್ಮನವರು ಬಂದರು. “ಶ್ರೀನಿವಾಸಪುರದ ಕಥೆ ನೀವು ಊರಿಗೆಲ್ಲ ಹೇಳಲ್ವಾ?”

ಅದು ಮೇಷ್ಟ್ರ ಹೆಸರಾಂತ ಹಾಸ್ಯ ಪ್ರಸಂಗ. ಹೆಣ್ಣು ನೋಡಲು ಹೋದ ಮೊದಲ ಮನೆ ಶ್ರೀನಿವಾಸಪುರದಲ್ಲಿ. ಮಾವಿನ ಕಾಲ. ರಸಪುರಿ ಹಣ್ಣು ಕೊಟ್ಟರಂತೆ. ಇವರು ಕಿಟಕಿಯಲ್ಲಿ ಪಕ್ಕದ ಮನೆ ಹುಡುಗಿಯನ್ನು ನೋಡುತ್ತಾ ಹಣ್ಣು ಹಿಂಡಿದ್ದು, ರಸ ಹಾರಿ ಭಾವೀ ಮಾವನವರ ರೇಷ್ಮೆ ಪಂಚೆಗೆ ಬಿದ್ದದ್ದು, ಸಂಬಂಧ ತಪ್ಪಿದ್ದು. ಬೀಳ್ಕೊಡುಗೆ, ರಾಜ್ಯೋತ್ಸವ, ಗಣೇಶನ ಪೆಂಡಾಲು, ಮೈಕ್ ಸಿಕ್ಕ ಕಡೆಯೆಲ್ಲ ಹೇಳುತ್ತಾರೆ. ಜನ ಪ್ರತಿ ಸಲವೂ ನಗುತ್ತಾರೆ. ಮುಂದಿನ ಸಾಲಿನಲ್ಲಿ ಕೂತು ಅಮ್ಮನವರೂ ನಗುತ್ತಾರೆ.

“ನಲವತ್ತು ವರ್ಷದಿಂದ ಆ ಪಕ್ಕದ ಮನೆಯವಳ ಕಥೆ ಕೇಳ್ತಿದ್ದೀನಿ. ಅದನ್ನೆಲ್ಲ ಹೇಳಬೇಕಾ ಅಂತ ನಾನು ಒಂದು ದಿನ ಅಂದಿದ್ದೀನಾ?” ಅಂದು ಕಾಫಿ ಲೋಟ ಇಟ್ಟು ಒಳಗೆ ಹೋದರು.

ಮೇಷ್ಟ್ರು ಬಾಯಿ ತೆರೆದರು. ‘ಆ’ ಬಂತು. ‘ದರೆ’ ಬರಲಿಲ್ಲ. ಕಾಫಿ ಕುಡಿದರು.

ಮೇಷ್ಟ್ರು ಪೂರ್ತಿ ಬದಲಾದರು ಅಂತ ಬರೆದರೆ ಅವರೇ ಬಂದು ನನ್ನನ್ನು ತಿದ್ದುತ್ತಾರೆ. ಹೋದ ತಿಂಗಳೂ ಸ್ಟೂಲಿನ ಮೇಲೆ ಕೂತು “ನಮಗೇನೂ ಅಭ್ಯಂತರ ಇಲ್ಲ” ಎಂದು ಶುರು ಮಾಡಿದರು. ಆದರೆ ಪುಸ್ತಕವನ್ನು ಹಿಂದಕ್ಕೆ ಕೊಟ್ಟಿದ್ದಾರೆ. ಒಳಗೆ ಪೆನ್ಸಿಲಿನಲ್ಲಿ ಮೂರು ಕಡೆ ಕಾಗುಣಿತ ತಿದ್ದಿದ್ದಾರೆ. ಸೈಕಲ್ಲಿನ ಕಥೆಯ ಅಂಚಿನಲ್ಲಿ ಸಣ್ಣದಾಗಿ ‘ಚೆನ್ನಾಗಿದೆ’ ಎಂದು ಬರೆದು, ಅಳಿಸಿದ್ದಾರೆ. ಬೆಳಕಿಗೆ ಹಿಡಿದರೆ ಕಾಣುತ್ತದೆ.

ಈಗ ಆ ಪುಸ್ತಕ ನನ್ನ ಹಲಗೆಯಲ್ಲಿಲ್ಲ. ಮೂರು ವಾರದ ಹಿಂದೆ ಯಾರೋ ಒಯ್ದಿದ್ದಾರೆ, ಹೇಳಿಲ್ಲ. ಒಯ್ದವರು ನೀವಾಗಿದ್ದರೆ, ನಿಧಾನವಾಗಿ ಓದಿ, ಬೇಕಾದರೆ ಇಟ್ಟುಕೊಳ್ಳಿ. ‘ಕನ್ನಡ ವ್ಯಾಕರಣ’ ಎಂದು ಬರೆದಿರುವ ಆ ರಟ್ಟನ್ನು ಮಾತ್ರ, ಬೇಡವಾದ ದಿನ, ತಂದು ಅಂಗಡಿಯಲ್ಲಿ ಕೊಟ್ಟುಹೋಗಿ. ಅದು ಮೇಷ್ಟ್ರದ್ದು.