ಗುಮ್ಮೆನ್ನುವ ಪೆಟ್ಟಿಗೆಯ ಮೀಮಾಂಸೆ: ಕಂಬಂ ಪಾಠ

ಭರತಮುನಿ ವಾದ್ಯಗಳನ್ನೆಲ್ಲ ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಗೂಡಿಗೆ ಹಾಕಿ ನಿಶ್ಚಿಂತನಾದ. ಕಾರಿಗೊಂದು ಡಿಕ್ಕಿ ಇರುತ್ತದೆಂದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ತಮಿಳುನಾಡಿನ ತೇನಿಯಿಂದ ಕಂಬಂಗೆ ಹೋಗುವ ರಸ್ತೆಯ ಪಕ್ಕ ಒಂದು ಸಂಜೆ ನಿಂತರೆ ಸಾಕು, ಹಾಡು ಯಾವುದೆಂದು ತಿಳಿಯುವ ಮೊದಲೇ ಎದೆಗೂಡು ಗುಂ ಎನ್ನುತ್ತದೆ. ಡಿಕ್ಕಿಯಲ್ಲಿ ಕೂತು ಹಾಗೆ ಗುಮ್ಮೆನ್ನಿಸುವ ಸಬ್‌ವೂಫರ್ ಡಬ್ಬ ಯಾವ ಗೂಡಿನದು? ಕೋನ್ ಬಿಗಿದಿದೆ, ಅವನದ್ಧ. ಪೈಪಿನ ಬಾಯಲ್ಲಿ ಗಾಳಿ ಊದುತ್ತದೆ, ಸುಷಿರ. ಬ್ಯಾಟರಿಯಿಂದ ತಂತಿ ಎಳೆದಿದ್ದಾರೆ, ತತವೆನ್ನಲು ಅಡ್ಡಿಯಿಲ್ಲ. ನಂಬರ್ ಪ್ಲೇಟು ಗಲಗಲ ಎನ್ನುವುದಂತೂ ಶುದ್ಧ ಘನ. ಮುನಿಯ ಲೆಕ್ಕ ಇಲ್ಲಿಗೆ ಮುಗಿಯಿತು.

ಡಬ್ಬ ಏಕೆ ಬೇಕು ಎಂಬುದು ಪೂರ್ವಪಕ್ಷ. ಸ್ಪೀಕರಿನ ಕೋನ್ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನಿಂದ ಎಳೆಯುತ್ತದೆ. ಬಿಟ್ಟರೆ ಹಿಂದಿನ ದನಿ ಸುತ್ತಿ ಬಂದು ಮುಂದಿನದನ್ನು ತಿಂದುಹಾಕುತ್ತದೆ. ಹಿಂದಿನದನ್ನು ಒಳಗೇ ಕೂಡಿಹಾಕುವುದು ಸೀಲ್ಡ್ ಡಬ್ಬದ ಧರ್ಮ. ಕಂಬಂ ಕಣಿವೆಯ ಕಪ್ಪಿಲಿಯರು, ದಿಂಡಿಗಲ್ ಕಡೆಯ ಅನುಪ್ಪರು ಎಂಬ ಸಮುದಾಯದವರು ಇದನ್ನು ಭೌತಶಾಸ್ತ್ರ ಓದದೆಯೇ ಪಾಲಿಸಿದವರು: ಬೀದಿಗೆ ತಮಿಳು, ಮನೆಯೊಳಗೆ ಕನ್ನಡ. ಬಾಗಿಲು ತೆರೆದಿಟ್ಟಿದ್ದರೆ ಒಂದು ಇನ್ನೊಂದನ್ನು ಎಂದೋ ನುಂಗುತ್ತಿತ್ತು.

ಈ ಶಾಸ್ತ್ರದ ಆಚಾರ್ಯರು ಯಾರು? ಎರಡೂ ಭಾಷೆಯಲ್ಲಿ ಉತ್ತರ ಒಂದೇ: ಆಚಾರಿ, ಅಂದರೆ ಬಡಗಿ. ನಾವು ಕಂಬಂನಲ್ಲಿ ಒಬ್ಬ ಆಚಾರಿಯ ಮುಂದೆ 12 ಇಂಚಿನ ಸ್ಪೀಕರ್ ಇಟ್ಟು, 40, 36, 30 ಸೆಂಟಿಮೀಟರ್ ಎಂದು ಘನಗಂಭೀರವಾಗಿ ಅಳತೆ ಕೊಟ್ಟೆವು. ಗುಣಿಸಿದರೆ 43 ಲೀಟರ್. ಆತ ಮಾತಾಡದೆ 18 ಮಿಲಿಮೀಟರಿನ ಹಲಗೆಯಲ್ಲಿ ಹೇಳಿದಷ್ಟೇ ಮಾಡಿಕೊಟ್ಟ. ಒಳಗೆ ಅಳೆದರೆ 31! ನಾವು ಕೊಟ್ಟದ್ದು ಹೊರಗಿನ ಅಳತೆ. 12 ಲೀಟರ್ ಶೂನ್ಯವನ್ನು ಹಲಗೆ ನುಂಗಿತ್ತು. ಸ್ಪೀಕರಿನ ಬೆನ್ನು ಇನ್ನೆರಡು ಮೂರು ಲೀಟರ್ ನುಂಗಿತು. ಉಳಿದದ್ದು ಒಂದು ಘನ ಅಡಿಯ ಆಸುಪಾಸು. ಸೀಲ್ಡ್ ಡಬ್ಬಕ್ಕೆ ಅದೇ ಸಾಕಾಯಿತೆಂಬುದು ನಮ್ಮ ವಿದ್ವತ್ತಲ್ಲ, ಪೂರ್ವಜನ್ಮದ ಪುಣ್ಯ. ಶೂನ್ಯ ಸಂಪಾದನೆಯ ನಾಡಿನವರಿಗೆ ಇಷ್ಟು ತಿಳಿದಿರಬೇಕಿತ್ತು: ದುಡ್ಡು ಕೊಡುವುದು ಸ್ಪೀಕರಿಗೆ, ದನಿ ಕೊಡುವುದು ಬಯಲು.

ಇನ್ನು ಪೈಪಿನ ಪಂಥ, ಅಂದರೆ ಹಿಂದಿನ ದನಿಯನ್ನು ಪೈಪಿನ ಮೂಲಕ ಹೊರಬಿಡುವ ಪೋರ್ಟೆಡ್ ಡಬ್ಬ. ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ, ಇಬ್ಬರೂ ಆಸ್ಟ್ರೇಲಿಯಾದಲ್ಲಿ ಕೂತು ಇದರ ಸೂತ್ರ ಬರೆದರು. ಹೆಲ್ಮ್‌ಹೋಲ್ಟ್ಸ್ ಅದಕ್ಕೂ ಮೊದಲೇ ಬುರುಡೆಯಂಥ ಪಾತ್ರೆಗಳ ಸ್ವರ ಹಿಡಿದಿದ್ದ. ಖಾಲಿ ಸೀಸೆಯ ಬಾಯಿಗೆ ಊದಿದ ಪ್ರತಿ ಹುಡುಗನೂ ಈ ಪಂಥದ ದೀಕ್ಷಿತನೇ. 40 ಲೀಟರ್ ಡಬ್ಬವನ್ನು 35 ಹರ್ಟ್ಸ್‌ಗೆ ಹದ ಮಾಡಲು ನಾಲ್ಕಿಂಚಿನ ಪಿವಿಸಿ ಪೈಪು ಸುಮಾರು 40 ಸೆಂಟಿಮೀಟರ್ ಬೇಕು. ಪನ್ನೀರ್ ದ್ರಾಕ್ಷಿ ತೋಟಕ್ಕೆ ನೀರು ಹಾಯಿಸುವಂಥದೇ ಪೈಪು ನಡೆಯುತ್ತದೆ. ನಮ್ಮ ವಾದವೇನೆಂದರೆ ಈ ಕಣಿವೆಯೇ ಒಂದು ಪೋರ್ಟೆಡ್ ಡಬ್ಬ: ಪಶ್ಚಿಮಕ್ಕೆ ಏಲಕ್ಕಿ ಬೆಟ್ಟ, ಪೂರ್ವಕ್ಕೆ ಮೇಘಮಲೆ. ಪೋರ್ಟ್ ಕೊರೆಸಿದವರು ಪೆರಿಯಾರ್ ಅಣೆಕಟ್ಟಿನ ಎಂಜಿನಿಯರ್ ಪೆನ್ನಿಕ್ವಿಕ್. 1895ರಿಂದ ಪೆರಿಯಾರ್ ನೀರು ಬೆಟ್ಟದ ಸುರಂಗದಿಂದ ಇತ್ತ ಬರುತ್ತಿದೆ. ಲೋವರ್ ಕ್ಯಾಂಪಿನಲ್ಲಿ ಅವರಿಗೆ ಸ್ಮಾರಕ ಮಂಟಪವಿದೆ. ಅಲ್ಲಿ ಪೋರ್ಟಿನ ಉದ್ದವನ್ನೇ ಕೊಂಡಾಡಿಲ್ಲವೆಂಬುದು ವಿದ್ವಾಂಸರ ಕೊರಗು.

ಏಲಕ್ಕಿ ತೋಟಕ್ಕೆ ಆಳು ಹೊರುವ ಟಾರ್ಪಾಲು ಜೀಪಿಗೂ ಡಬ್ಬ ಹಾಕಿಸಬಹುದಲ್ಲ ಎಂದು ಕೇಳುವವರುಂಟು. ಹಾಕಿಸಿ, ದಂಡ. 40 ಹರ್ಟ್ಸ್ ಅಲೆಯ ಉದ್ದ ಎಂಟೂವರೆ ಮೀಟರ್. ಮುಚ್ಚಿದ ಕಾರಿನೊಳಗೆ ಅದು ಹಿಡಿಸಲಾರದೆ ಒತ್ತಡವಾಗಿ ಏರುತ್ತದೆ. ಟಾರ್ಪಾಲಿನೊಳಗೆ ಏರುವುದೇನೂ ಇಲ್ಲ.

ಪ್ರಮಾಣ ಯಾವುದು? ಇಳಯರಾಜ ಹುಟ್ಟಿದ ಪಣ್ಣೈಪುರಂ ಇದೇ ತೇನಿ ಜಿಲ್ಲೆಯದು. ಅವರ ಹಾಡಿನಲ್ಲಿ ಬೇಸ್ ಗಿಟಾರು ತಾನೇ ಒಂದು ರಾಗದಂತೆ ನಡೆಯುತ್ತದೆ. ಆ ನಡಿಗೆಯ ಹೆಜ್ಜೆಗಳು ಬೇರೆಬೇರೆಯಾಗಿ ಕೇಳಿಸಿದರೆ ಡಬ್ಬ ಪಾಸು. ಎಲ್ಲವೂ ಒಂದೇ ಗುಂ ಆದರೆ ಹಲಗೆ ಬಿಚ್ಚಿ ಒಲೆಗೆ ಹಾಕಿ. ನಮ್ಮದು ಪಾಸಾಯಿತು. ನಂಬರ್ ಪ್ಲೇಟಿನ ಹಿಂದೆ ಮಾತ್ರ ದಯವಿಟ್ಟು ಎರಡು ರಬ್ಬರ್ ವಾಷರ್ ಹಾಕಿಸಿಕೊಳ್ಳಿ. ಘನವಾದ್ಯ ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.