ಫೋರ್ಕ್ ಬಗ್ಗಿಸುವ ಮಹನೀಯರಿಗೆ

ಮನೆಯಲ್ಲೇ ಸೈಕಲ್ ಫೋರ್ಕ್ ಬಗ್ಗಿಸುವ ಮಹನೀಯರಿಗೆ, ಸೈಕಲ್ ಶಾಪಿನವನ ಸಾಷ್ಟಾಂಗ ನಮಸ್ಕಾರಗಳು.

ತಮ್ಮಂಥವರಿಂದಲೇ ನನ್ನ ಮನೆಯ ಒಲೆ ಉರಿಯುತ್ತಿದೆ, ಸ್ವಾಮಿ. ಚಕ್ರ ಮುಂದಕ್ಕೆ ಚಾಚಿ, ಮೂತಿ ತಗ್ಗಿ, ಸೈಕಲ್ಲು ಗತ್ತಾಗಿ ನಿಲ್ಲಬೇಕೆಂಬ ತಮ್ಮ ಅಭಿರುಚಿಗೆ ತಲೆಬಾಗಿದೆ. ಗೇಟಿನ ಸರಳಿಗೆ ಫೋರ್ಕ್ ಸಿಕ್ಕಿಸಿ, ಅದರ ಕಾಲಿಗೆ ಬೋರ್‌ವೆಲ್ಲಿನ ಜಿಐ ಪೈಪ್ ತೂರಿಸಿ, ಭಾವಮೈದುನರನ್ನು ಅದಕ್ಕೆ ಜೋತುಬೀಳಿಸಿದಿರಂತೆ. ಒಂದು ಕಾಲು ಸೊಗಸಾಗಿ ಬಗ್ಗಿದೆ. ಇನ್ನೊಂದರ ಹೊತ್ತಿಗೆ ಅವರಿಗೆ ಕಾಫಿ ಬಂದಿರಬೇಕು.

"ರಿಮ್ ಸ್ವಲ್ಪ ಔಟ್ ಆಗಿದೆ, ಕಡ್ಡಿ ಬಿಗಿ ಮಾಡಪ್ಪ" ಎಂದು ಅಪ್ಪಣೆಯಾಯಿತು. ವಿನಯದಿಂದ ಚಕ್ರ ಬಿಚ್ಚಿ, ಎಡಬಲ ತಿರುಗಿಸಿ ಹಾಕಿದೆ. ತಪ್ಪು ರಿಮ್ಮಿನದಾಗಿದ್ದರೆ ಈಗ ಆಚೆ ಪಕ್ಕಕ್ಕೆ ವಾಲಬೇಕಿತ್ತು. ವಾಲಿದ್ದು ಮೊದಲಿನ ಪಕ್ಕಕ್ಕೇ. ಬಾಗಿನ ಒಳಮೈಯಲ್ಲಿ ಪೇಂಟು ಸುಕ್ಕುಗಟ್ಟಿ, ಉಗುರು ತಾಗಿದರೆ ಉದುರುತ್ತಿತ್ತು. ಆದರೂ ಬಡಪಾಯಿ ಕಡ್ಡಿಗಳನ್ನೇ ಅನುಮಾನಿಸಿದ ತಮ್ಮ ದೊಡ್ಡ ಮನಸ್ಸಿಗೆ ಋಣಿ.

ಬೇಸರಿಸದಿದ್ದರೆ ಒಂದು ಅರಿಕೆ. ಫೋರ್ಕಿಗೆ ಮೊದಲೇ ಇರುವ ಬಾಗು ಶೋಕಿಗಿಟ್ಟದ್ದಲ್ಲ. ಹ್ಯಾಂಡಲ್ ತಿರುಗುವ ಕೊಳವೆಯ ಗೆರೆಯನ್ನು ಹಾಗೇ ನೆಲದವರೆಗೆ ಎಳೆದರೆ, ಸಾಮಾನ್ಯ ರಸ್ತೆ ಸೈಕಲ್ಲಿನಲ್ಲಿ ಅದು ಟಯರ್ ನೆಲ ಮುಟ್ಟುವ ಜಾಗಕ್ಕಿಂತ ಸುಮಾರು 5–6 ಸೆಂಟಿಮೀಟರ್ ಮುಂದೆ ಬೀಳುತ್ತದೆ. ಚಕ್ರ ತಾನೇ ನೆಟ್ಟಗಾಗುವುದರಲ್ಲಿ ಆ ಅಂತರದ ಪಾಲೂ ಇದೆ. ಫೋರ್ಕ್ ಮುಂದಕ್ಕೆ ಬಾಗಿದಷ್ಟೂ ಅಂತರ ಕುಗ್ಗಿ, ಹ್ಯಾಂಡಲ್ ಚಡಪಡಿಸುತ್ತದೆ. ಫ್ರಾನ್ಸಿನ ರೆನೆ ಎರ್ಸ್ ಅವರಂಥ ಕುಶಲಕರ್ಮಿಗಳು ಮುಂಗಡೆ ಭಾರ ಹೇರುವ ಸೈಕಲ್ಲುಗಳಿಗೆ ಬೇಕೆಂದೇ ಆ ಅಂತರವನ್ನು ಕಡಿಮೆ ಇಟ್ಟರು, ನಿಜ. ಆದರೆ ಫೋರ್ಕ್ ಕಟ್ಟುವ ಪಳಗಿದ ಕೈಗಳು ಉಕ್ಕಿನ ಕೊಳವೆಯನ್ನು ಬೆಸುಗೆಗೆ ಮುಂಚೆಯೇ ಅಚ್ಚಿನ ಮೇಲೆ ಬಗ್ಗಿಸುತ್ತವೆ. ಪಾಪ, ಎಲ್ಲರಿಗೂ ಭಾವಮೈದುನರಿರುವುದಿಲ್ಲ.

ಮುಂದಿನ ಸಲ ಚಿರಂಜೀವಿಯ ಅಲ್ಯೂಮಿನಿಯಂ ಫೋರ್ಕ್ ಮೇಲೆ ತಮ್ಮ ಕೃಪಾದೃಷ್ಟಿ ಬೀಳಲಿದೆಯೆಂದು ಕೇಳಿ ಹರ್ಷವಾಯಿತು. ಉಕ್ಕಾದರೂ ತಮ್ಮ ಮಾತಿಗೆ ಬಗ್ಗೀತು. ಅಲ್ಯೂಮಿನಿಯಂ ಬಿರುಕು ಬಿಡುತ್ತದೆ, ಆ ಬಿರುಕು ಕಣ್ಣಿಗೆ ಬೀಳಲೇಬೇಕೆಂದಿಲ್ಲ. ಸ್ಟವ್ ಮೇಲೆ ಕಾಯಿಸಿದರೆ ಮೆದುವಾಗುತ್ತದೆಂಬ ತಮ್ಮ ಸಂಶೋಧನೆ ನೂರಕ್ಕೆ ನೂರು ಸರಿ. ಹದ ಹೋದದ್ದು ಆರಿದರೂ ಮರಳುವುದಿಲ್ಲ, ಅಷ್ಟೇ. ಹುಡುಗ ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿಯುವವನು, ನೆನಪಿರಲಿ.

ಬಗ್ಗಿದ್ದನ್ನು ಸೀದಾ ಮಾಡಿಕೊಡು ಎಂದಿದ್ದಿರಿ. ಕ್ಷಮಿಸಬೇಕು, ಮಾಡಿಲ್ಲ. ಹೊಸದು ಹಾಕಿದ್ದೇನೆ, ಬಿಲ್ಲು ಸೀಟಿಗೆ ಕಟ್ಟಿದೆ. ಹಳೆಯದರ ಗುಜರಿ ದುಡ್ಡು ಕಳೆದೇ ಬರೆದಿದ್ದೇನೆ. ಚೌಕಾಸಿ ಮಾಡುವುದಿದ್ದರೆ ದಯಮಾಡಿ ಕತ್ತಲಾಗುವ ಮುಂಚೆ ಬನ್ನಿ.

ಇಂತಿ ತಮ್ಮ ವಿಧೇಯ,
ಪಂಕ್ಚರ್ ಹಾಕುವವನು